ಬಾಣ ಬರದ ಚುಕ್ಕಿ

ಶಾಲೆಯಿಂದ ಫೋನ್ ಬಂದಾಗ ನಾನು ಐಸ್ ಗಡ್ಡೆಗೆ ಕೊಕ್ಕೆ ಹಾಕಿ ಜಾರುಹಲಗೆಯತ್ತ ಎಳೆಯುತ್ತಿದ್ದೆ. ಕೆಳಗೆ ಕಟ್ಟೆಯಲ್ಲಿ ಬೊಂಡಾಸ್ ಮೀನಿನ ದೋಣಿಯವರು, "ಐಸ್ ಎಲ್ಲಯ್ಯಾ? ಮೀನು ಕೊಳೆತ ಮೇಲೆ ಕಳಿಸ್ತೀಯಾ?" ಎಂದು ಬಾಯಿ ಬಡಿದುಕೊಳ್ಳುತ್ತಿದ್ದರು.

"ಪ್ಯೋ ಮಿರು ಅವರ ಮನೆಯವರಾ?" ಫೋನಿನ ದನಿ ಬೆಣ್ಣೆ ಸವರಿದಂತಿತ್ತು.

"ಅವಳ ಅಣ್ಣ. ಏನಾಯ್ತು, ಮತ್ತೆ ಕೆಮ್ಮಾ?"

"ಛೆ ಛೆ, ಆರೋಗ್ಯ ಚೆನ್ನಾಗಿದೆ. ಮಕ್ಕಳ ಸಾಮಾಜಿಕ ಕೌಶಲದ ಅಳತೆ ಬಂದಿದೆ. ಅದರ ಬಗ್ಗೆ ಸ್ವಲ್ಪ ಮಾತಾಡಬೇಕಿತ್ತು."

ನಮ್ಮ ಸೊಲ್ಪೊ ಬಂದರಿನಲ್ಲಿ ಅಳೆಯುವುದು ಮೀನು, ಐಸು, ಡೀಸೆಲು. ಮಕ್ಕಳನ್ನು ಅಳೆಯುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ನಾನು ಹೈಸ್ಕೂಲಿನ ಮೊದಲ ವರ್ಷಕ್ಕೇ ಚೀಲ ಎಸೆದು ಬಂದವನು. ನನ್ನನ್ನು ಅಳೆಯುವಷ್ಟು ಪುರುಸೊತ್ತು ಆಗ ಯಾರಿಗೂ ಇರಲಿಲ್ಲ.

ಹೋದೆ. ಶಾಲೆಯ ಬಾಗಿಲಲ್ಲಿ ರಬ್ಬರ್ ಬೂಟು ಬಿಚ್ಚಿ, ಅತಿಥಿಗಳಿಗೆಂದು ಇಟ್ಟ ಚಪ್ಪಲಿಯಲ್ಲಿ ಕಾಲು ತುರುಕಿದೆ. ಒದ್ದೆ ಕಾಲುಚೀಲ ಹೆಜ್ಜೆಗೊಮ್ಮೆ ಪಿಚಕ್ ಎಂದಿತು. ಆಪ್ತ ಸಲಹೆಯ ಕೋಣೆಯಲ್ಲಿ ಚೊನ್ ಟೀಚರ್ ಕಾದಿದ್ದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಹಸಿರು ಪ್ಲಮ್ಮಿನ ಶರಬತ್ತು ಕೊಟ್ಟರು. ಗೋಡೆಯ ಮೇಲೆ 'ನಗುವೂ ಒಂದು ಕೌಶಲ' ಎಂದು ಬರೆದಿತ್ತು. ಅದನ್ನು ಓದುತ್ತಿದ್ದಂತೆಯೇ ನನಗೆ ಹಲ್ಲು ಕಡಿಯುವಂತಾಯಿತು.

"ಮಿರುಗೆ ನೂರಕ್ಕೆ ಮೂವತ್ತೊಂದು ಬಂದಿದೆ," ಅಂದರು.

"ಯಾವುದರಲ್ಲಿ?"

"ಬೇರೆಯವರ ಜತೆ ಬೆರೆಯೋದ್ರಲ್ಲಿ."

ಅವರು ದೊಡ್ಡ ಹಾಳೆಯೊಂದನ್ನು ಮೇಜಿನ ಮೇಲೆ ಬಿಡಿಸಿದರು. ಹಾಳೆಯ ತುಂಬ ಚುಕ್ಕಿಗಳು. ಒಂದೊಂದು ಚುಕ್ಕಿಯೂ ತರಗತಿಯ ಒಬ್ಬೊಬ್ಬ ಹುಡುಗಿ. ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ಬಾಣ. 'ತರಗತಿಯಲ್ಲಿ ನಿನ್ನ ಚಿಂಗು ಯಾರು ಯಾರು? ಹೆಸರು ಬರೆ' ಎಂದು ಎಲ್ಲರನ್ನೂ ಕೇಳಿದ್ದಾರೆ. ಗೆಳತಿಗೆ ನಮ್ಮಲ್ಲಿ ಅನ್ನುವುದು ಚಿಂಗು ಎಂದೇ. ಯಾರು ಯಾರ ಹೆಸರು ಬರೆದರೋ ಅವರ ಕಡೆಗೆ ಬಾಣ. ಹಾಳೆಯ ನಡುವೆ ಜೇಡರ ಬಲೆಯ ಹಾಗೆ ಗೀಟೋ ಗೀಟು. ಕೆಳಗಿನ ಮೂಲೆಯಲ್ಲಿ ಒಂದೇ ಒಂದು ಚುಕ್ಕಿ. ಅದಕ್ಕೆ ಒಂದು ಬಾಣವೂ ಇಲ್ಲ. ಅದರಿಂದಲೂ ಒಂದು ಬಾಣ ಹೊರಟಿಲ್ಲ.

"ಅದು ಮಿರು," ಅಂದರು ಚೊನ್ ಟೀಚರ್. ಅವರ ದನಿ ಇನ್ನೂ ಮೆತ್ತಗಾಯಿತು. "ಅವಳೂ ಯಾರ ಹೆಸರನ್ನೂ ಬರೆದಿಲ್ಲ. 'ತರಗತಿಯವರ ಜತೆ ನಾನೇ ಮೊದಲು ಮಾತು ತೆಗೆಯುತ್ತೇನೆ' ಅನ್ನೋದಕ್ಕೆ 'ಇಲ್ಲ' ಅಂತ ಗುರುತು ಹಾಕಿದ್ದಾಳೆ. 'ಯಾರಾದರೂ ಅಳುತ್ತಿದ್ದರೆ ಏನು ಮಾಡುತ್ತೀ' ಅಂದ್ರೆ, 'ಪಕ್ಕದಲ್ಲಿ ಸುಮ್ಮನೆ ಕೂರುತ್ತೇನೆ' ಅಂತ ಬರೆದಿದ್ದಾಳೆ."

"ಅದು ತಪ್ಪಾ?"

"ತಪ್ಪು ಅಂತಲ್ಲ. ಅದಕ್ಕೆ ಐದರಲ್ಲಿ ಒಂದು ಅಂಕ."

ಅಷ್ಟರಲ್ಲಿ ವೈಸ್ ಪ್ರಿನ್ಸಿಪಾಲ್ ಯೊಮ್ ಒಳಗೆ ಬಂದರು. ಗಡ್ಡ ನುಣ್ಣಗೆ ಬೋಳಿಸಿದ, ಎಣ್ಣೆ ಹಾಕಿದ ಬಾಗಿಲಿನಂತೆ ಸದ್ದಿಲ್ಲದೆ ಬಂದು ಹೋಗುವ ಮನುಷ್ಯ. ನಲವತ್ತಕ್ಕಿಂತ ಕಡಿಮೆ ಬಂದವರೆಲ್ಲ ಮಧ್ಯಾಹ್ನದ ಕೊನೆಯ ಹೊತ್ತಿನಲ್ಲಿ 'ಬೆರೆಯುವ ತರಗತಿ'ಯಲ್ಲಿ ಕೂರಬೇಕು, ಶರತ್ಕಾಲದಲ್ಲಿ ಮತ್ತೆ ಅಳೆಯುವವರೆಗೂ ಅದು ತಪ್ಪುವುದಿಲ್ಲ ಎಂದು ಹೇಳಿದರು.

"ಆ ಹೊತ್ತಿಗೆ ಅವಳಿಗೆ ಹ್ಯಾಂಡ್‌ಬಾಲ್ ಅಭ್ಯಾಸ ಇರತ್ತೆ."

"ಹೌದು. ಅದನ್ನು ನಿಲ್ಲಿಸಬೇಕಾಗ್ತದೆ."

"ಮುಂದಿನ ವಾರ ಗಾಂಗ್‌ನುಂಗ್‌ನಲ್ಲಿ ಪಂದ್ಯ ಇದೆ!"

"ಬೇರೆ ಗೋಲ್‌ಕೀಪರ್ ನೋಡಿಕೊಳ್ತಾರೆ. ಮಗುವಿನ ಒಳಿತಿಗೇ ಅಲ್ಲವಾ ಇದೆಲ್ಲ?"

ನನ್ನ ಮೈ ಉರಿಯಿತು. ನನ್ನ ತಂಗಿ ಒಂದು ವರ್ಷ ಕ್ಷಯ ಬಂದು ಮಲಗಿದ್ದಳು. ಎದ್ದ ಮೇಲೆ ಓಡಿದರೆ ಏದುಸಿರು ಹತ್ತುತ್ತಿತ್ತು. ಓಡುವುದು ಬೇಡದ ಜಾಗ ಯಾವುದು ಎಂದು ಹುಡುಕಿ ಗೋಲಿಗೆ ಹೋಗಿ ನಿಂತವಳು ಅವಳು. ಬರಿಗೈಯಲ್ಲಿ, ಎದೆಯಲ್ಲಿ, ಮೂಗಿನಲ್ಲಿ ಚೆಂಡು ತಡೆದವಳು. ಮುಂದಿದ್ದ ಆರು ಮಂದಿಗೆ "ಎಡಕ್ಕೆ! ಮುಚ್ಚು! ಬಿಡಬೇಡ!" ಎಂದು ಕೂಗಿ ಕೂಗಿ ದನಿ ಕಟ್ಟಿಸಿಕೊಂಡು ಬಂದು, ಊಟಕ್ಕೆ ಕೂತಾಗ ಉಪ್ಪಿನಕಾಯಿ ಬೇಕೆಂದು ಕೈಸನ್ನೆ ಮಾಡುವವಳು. ಅವಳಿಗೆ ಮಾತಾಡಲು ಬರುವುದಿಲ್ಲವಂತೆ!

"ಬಾಣ ಬರದಿದ್ರೆ ನನ್ ತಂಗಿ ಮನುಷ್ಯಳೇ ಅಲ್ವಾ?" ಎಂದು ಮೇಜು ಗುದ್ದಿದೆ. ಶರಬತ್ತು ಚೆಲ್ಲಿ ಹಾಳೆಯ ಮೇಲೆ ಹರಿಯಿತು. "ಮೂಲೇಲಿ ಕೂರಿಸಿದ್ದು ಯಾರ್ರೀ ಅವಳನ್ನ? ಗೀಟು ಎಳೆದೋರು ನೀವು! ಕ್ಷಯದವಳು ಅಂತ ದೂರ ಇಟ್ಟಿದ್ದಾವೆ ಆ ಹುಡುಗೀರು, ಅವರನ್ನ ಅಳೀರಿ!"

ಯೊಮ್ ಕಣ್ಣು ಕೂಡ ಮಿಟುಕಿಸಲಿಲ್ಲ. ಜೇಬಿನಿಂದ ಪೆನ್ನು ತೆಗೆದು ಏನೋ ಬರೆದುಕೊಂಡರು.

"ಏನ್ರೀ ಅದು?"

"ಮನೆಯಲ್ಲಿ ಕೋಪದ ವಾತಾವರಣ," ಎಂದು ಓದಿ ಹೇಳಿದರು. "ಹಿನ್ನೆಲೆಗೆ ಬೇಕಾಗ್ತದೆ."

ಅಂದರೆ ನಾನು ಕೂಗಿದ್ದೂ ಅವಳ ಲೆಕ್ಕಕ್ಕೇ ಹೋಯಿತು. ಬಾಗಿಲಿಗೆ ಬಂದು ಬೂಟು ಹಾಕಿಕೊಂಡೆ. ಹ್ಯಾಂಡ್‌ಬಾಲ್ ಕೋಚ್ ಮೇಡಂ ಮೆಟ್ಟಿಲ ಬಳಿ ನಿಂತಿದ್ದರು. ಅವರದು ವರ್ಷ ವರ್ಷದ ಗುತ್ತಿಗೆ ಕೆಲಸ. ನನ್ನನ್ನು ನೋಡಿ ತುಟಿ ಅಲುಗಿಸಿ, ನೆಲ ನೋಡಿದರು.

ಮನೆಗೆ ಬಂದರೆ ಮಿರು ಅಕ್ಕಿ ತೊಳೆಯುತ್ತಿದ್ದಳು. ಗೋಡೆಯ ಮೊಳೆಗೆ ಅವಳ ಮಂಡಿಪಟ್ಟಿ ನೇತುಹಾಕಿತ್ತು. ಅಭ್ಯಾಸದ ದಿನ ಅದು ಮೊಳೆಯ ಮೇಲೆ ಇರುವುದೇ ಇಲ್ಲ. ಅಜ್ಜಿ ಮೂಲೆಯಲ್ಲಿ ಕೂತು ಬೊಂಡಾಸಿನ ಹೊಟ್ಟೆ ಸೀಳುತ್ತಾ, "ಇವತ್ತು ಬೇಗ ಬಂದವ್ಳೆ. ಕೇಳಿದ್ರೆ ಬಾಯಿ ಬಿಡಲ್ಲ," ಅಂದಳು.

"ಯಾಕೆ ಹೋಗ್ಲಿಲ್ಲ ಅಭ್ಯಾಸಕ್ಕೆ?" ಅಂದೆ.

"ಬಿಡಣ್ಣ."

"ನಾಳೆಯಿಂದ ತಾನೆ ಆ ದರಿದ್ರ ತರಗತಿ? ಇವತ್ತು ಹೋಗಬೇಕಿತ್ತು."

"ಬಿಡು ಅಂದ್ನಲ್ಲ." ಅಕ್ಕಿಯ ನೀರು ಬಸಿದಳು. ಇನ್ನೊಮ್ಮೆ ನೀರು ಹಾಕಿದಳು. ಅಕ್ಕಿ ಆಗಲೇ ಸ್ವಚ್ಛವಾಗಿತ್ತು. "ಹಾಳೆ ನಂಗೂ ತೋರಿಸಿದ್ರು. ಒಬ್ಬಳೂ ಬರೆದಿಲ್ಲ ಅಣ್ಣ. ನಾರೆ ಕೂಡ ಬರೆದಿಲ್ಲ."

ನಾರೆ ಎಂದರೆ ಅವಳ ತರಗತಿಯವಳೇ, ತಂಡದಲ್ಲಿ ಗೋಲಿನ ಎದುರು ನಿಂತು ಎದುರಾಳಿಗಳ ಜತೆ ಮೈ ತಿಕ್ಕುವ ಗಿಡ್ಡಿ. ನಮ್ಮ ಮನೆಯಲ್ಲಿ ಅನ್ನ ಉಂಡು, ನಮ್ಮ ಅಜ್ಜಿಯ ಮಡಿಲಲ್ಲಿ ನಿದ್ದೆ ಹೊಡೆದು ಹೋಗುವವಳು.

"ಅವರೆಲ್ಲ ಪಾಪ ಅಂತ ನನ್ ಜತೆ ಇದ್ರು ಅನ್ಸತ್ತೆ," ಅಂದಳು ಮಿರು. "ಕಾಯಿಲೆಯವಳು ಅಂತ. ನಂಗೆ ಗೊತ್ತಾಗ್ಲಿಲ್ಲ. ಅದಕ್ಕೇ ಅಲ್ವಾ ಮೂವತ್ತೊಂದು ಬಂದಿರೋದು. ಗೊತ್ತಾಗದೇ ಇರೋದಕ್ಕೆ."

ನಾನು ಯೊಮ್ ಎದುರು ಮೇಜು ಗುದ್ದಿದ್ದೆ. ಈ ಮಾತಿಗೆ ಗುದ್ದಲು ಎದುರಿಗೆ ಏನೂ ಇರಲಿಲ್ಲ. ನೂರು ಸಲ ಚೆಂಡು ಬಡಿದರೂ ಅಲ್ಲಾಡದ ಹುಡುಗಿಯನ್ನು ಒಂದು ಹಾಳೆ ಕೆಡವಿತ್ತು. ಅವಳು ಅದನ್ನು ನಂಬಿಬಿಟ್ಟಿದ್ದಳು.

ಮರುದಿನ ಐಸ್ ಮನೆಯಲ್ಲಿ ಕೆಲಸ ಮುಗಿಸಿದವನೇ ಶಾಲೆಯ ಎದುರಿನ ಅಕ್ಕಿಕಡುಬಿನ ಅಂಗಡಿಗೆ ಹೋಗಿ ನಿಂತೆ. ಅಭ್ಯಾಸ ಮುಗಿಸಿದ ಹುಡುಗಿಯರು ಖಾರದ ಗೊಜ್ಜಿನಲ್ಲಿ ಕುದಿಯುವ ಕಡುಬು ತಿನ್ನಲು ಅಲ್ಲಿಗೇ ಬರುವುದು. ಬಂದರು. ಆರು ಜನ, ಅಂಗೈಗೆಲ್ಲ ಚೆಂಡು ಜಾರದಿರಲು ಹಚ್ಚಿದ ಅಂಟು, ಗಲಗಲ ಅನ್ನುತ್ತಾ. ನನ್ನನ್ನು ನೋಡಿ, "ಗಿಲ್ಸೊಕ್ ಅಣ್ಣ! ಕಡುಬು ಕೊಡಿಸ್ತೀಯಾ? ಮಿರು ಅಕ್ಕ ಎಲ್ಲಿ?" ಅಂದಳು ನಾರೆ.

"ಬಾಯಿ ಮುಚ್ಚು," ಅಂದೆ. "ನಿಮ್ಮಲ್ಲಿ ನನ್ ತಂಗಿಯ ಚಿಂಗು ಯಾರು? ಇದ್ರೆ ಮುಂದೆ ಬನ್ನಿ."

ಆರೂ ಜನ ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಅಲ್ಲಾಡಲಿಲ್ಲ.

"ಯಾರೂ ಇಲ್ವಾ?"

"ಯಾರೂ ಇಲ್ಲ ಅಣ್ಣ," ಅಂದಳು ನಾರೆ, ನಾನೇನೋ ಒಗಟು ಕೇಳಿದ ಹಾಗೆ.

"ನಮ್ ಮನೇಲಿ ತಿಂದಿದ್ದು ಮಣ್ಣಾ? ಕ್ಷಯದವಳು ಅಂತ ತಾನೆ? ಬಾಯಿ ಬಿಟ್ಟು ಹೇಳಿ! ಅವಳ ಮುಖಕ್ಕೆ ನಗೋದು, ಹಾಳೆ ಕೊಟ್ರೆ ಬೆನ್ನಿಗೆ ಚೂರಿ ಹಾಕೋದು!"

ಅಂಗಡಿಯ ಹೆಂಗಸು ಸೌಟು ಹಿಡಿದೇ ನಿಂತಳು. ಇಬ್ಬರು ಹುಡುಗಿಯರ ಕಣ್ಣಲ್ಲಿ ನೀರು ಬಂತು. ನಾರೆಗೆ ಮಾತ್ರ ಸಿಟ್ಟು ಬಂತು. ಅವಳು ನನ್ನ ಎದೆಯವರೆಗೂ ಬರುವುದಿಲ್ಲ. ಕತ್ತು ಮೇಲೆತ್ತಿ ನಿಂತಳು.

"ಅಣ್ಣ, ನಿಂಗೆ ತಲೆಗೆ ಐಸ್ ಹತ್ತಿದ್ಯಾ? ಮಿರು ಅಕ್ಕ ನಮಗೆ ಅಕ್ಕ! ನಮಗಿಂತ ಒಂದು ವರ್ಷ ದೊಡ್ಡೋಳು! ಅಕ್ಕನ್ನ ಹೋಗಿ ಚಿಂಗು ಅಂತ ಬರೆದ್ರೆ ನಮ್ಮಜ್ಜಿ ನನ್ ಬಾಯಿಗೆ ಬಡೀತಾಳೆ!"

ಸೌಟಿನಿಂದ ಗೊಜ್ಜು ತೊಟ್ಟಿಕ್ಕುವುದು ಕೇಳಿಸಿತು.

ನಾನು ಹುಟ್ಟಿದಾಗಿನಿಂದ ಆಡಿದ ಮಾತು ಅದು, ಆದರೂ ನನಗೆ ಹೊಳೆದಿರಲಿಲ್ಲ. ನಮ್ಮಲ್ಲಿ ಗೆಳೆಯರು ಎನ್ನುವುದಕ್ಕೂ ಓರಗೆಯವರು ಎನ್ನುವುದಕ್ಕೂ ಇರುವುದು ಒಂದೇ ಮಾತು, ಚಿಂಗು. ಒಂದೇ ವರ್ಷದಲ್ಲಿ ಹುಟ್ಟಿದವರು ಮಾತ್ರ ಚಿಂಗು. ಒಂದು ವರ್ಷ ಹಿರಿಯರಾದರೆ ಅಣ್ಣ, ಅಕ್ಕ. ಐಸ್ ಮನೆಯ ದೊಕ್ಬೆ ಅಣ್ಣ ನನಗಿಂತ ಎರಡು ವರ್ಷ ದೊಡ್ಡವನು. ಒಂದೇ ತಟ್ಟೆಯಲ್ಲಿ ಉಣ್ಣುತ್ತೇವೆ, ಅವನಿಗೆ ಹೊಡೆದವರಿಗೆ ನಾನು ಹೊಡೆಯುತ್ತೇನೆ. ಆದರೆ 'ದೊಕ್ಬೆ ನನ್ನ ಚಿಂಗು' ಎಂದು ಯಾರಾದರೂ ಬರೆಸಲು ಬಂದರೆ, ಕೈ ಮುರಿದರೂ ಬರೆಯುವುದಿಲ್ಲ. ಮಿರು ಕಾಯಿಲೆಯಲ್ಲಿ ಒಂದು ವರ್ಷ ಕಳೆದುಕೊಂಡು, ಕಿರಿಯರ ನಡುವೆ ಕೂತಿದ್ದಾಳೆ. ಇಡೀ ತರಗತಿಗೆ ಅವಳು ಅಕ್ಕ. ಅವಳಿಗೆ ಇಡೀ ತರಗತಿ ತಂಗಿಯರು. ಅದಕ್ಕೇ ಅವಳೂ ಯಾರ ಹೆಸರನ್ನೂ ಬರೆದಿಲ್ಲ.

"ಥೂ!" ಎಂದೆ. ಯಾರಿಗೆ ಎಂದು ನನಗೇ ಗೊತ್ತಿಲ್ಲ. ಆರೂ ಜನಕ್ಕೂ ಕಡುಬು ಹೇಳಿ ಮನೆಗೆ ಓಡಿದೆ.

ಮಿರು ನಂಬಲಿಲ್ಲ. "ನೀನು ಹೋಗಿ ಹೆದರಿಸಿರ್ತೀಯ, ಅವರು ಹಾಗೆ ಹೇಳಿರ್ತಾರೆ," ಅಂದಳು. "ನಿನ್ ಮುಖ ನೋಡಿದ್ರೆ ನಾನೂ ಹಾಗೇ ಹೇಳ್ತಿದ್ದೆ."

"ನಿನ್ ಬಾಯಿಂದ ನೀನೇ ಕೇಳು!"

"ಹೆಂಗೆ ಕೇಳಲಿ ಅಣ್ಣ? ಅಕ್ಕ ಆದೋಳು ತಂಗೀರ ಹತ್ರ ಹೋಗಿ, ನನ್ನ ಕಂಡ್ರೆ ನಿಮಗೆ ಇಷ್ಟಾನಾ ಅಂತ ಕೇಳ್ತಾಳಾ?"

ಹಿರಿತನ ಎನ್ನುವುದು ಎರಡೂ ಕಡೆ ಬಾಗಿಲು ಹಾಕಿಕೊಂಡಿತ್ತು.

ಮಾರನೆಯ ದಿನ ಹುಡುಗಿಯರನ್ನೂ ಮಿರುವನ್ನೂ ಕರೆದುಕೊಂಡು ಆಪ್ತ ಸಲಹೆಯ ಕೋಣೆಗೆ ಹೋದೆ. ಮೇಜು ಗುದ್ದಬಾರದು ಎಂದು ಎರಡೂ ಕೈ ಜೇಬಿನಲ್ಲಿಟ್ಟುಕೊಂಡಿದ್ದೆ. ನಾರೆ ಹೇಳಬೇಕಾದ್ದನ್ನೆಲ್ಲ ಹೇಳಿದಳು. ಚೊನ್ ಟೀಚರ್ ಕೆನ್ನೆಗೆ ಕೈ ಒತ್ತಿಕೊಂಡರು.

"ಅಯ್ಯೋ," ಅಂದರು. "ಅಯ್ಯಯ್ಯೋ. ನನಗೆ ಯಾಕೆ ಹೊಳೀಲಿಲ್ಲ? ನಾನೂ ಇಲ್ಲೇ ಹುಟ್ಟಿದೋಳು."

ಯೊಮ್ ಅವರಿಗೂ ಅರ್ಥವಾಯಿತು. ಅದೇ ಇನ್ನೂ ಕೆಟ್ಟದ್ದು. ಅರ್ಥವಾಗದವನ ಮೇಲೆ ಸಿಟ್ಟು ಮಾಡಿಕೊಂಡರೆ ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಎಲ್ಲ ಅರ್ಥ ಮಾಡಿಕೊಂಡು, ತಲೆಯಾಡಿಸಿ, "ನಿಮ್ಮ ಮಾತು ಸರಿ, ಆದರೆ ಅಂಕ ಆಗಲೇ ಮೇಲಕ್ಕೆ ಹೋಗಿದೆ" ಅನ್ನುವವನ ಮೇಲೆ ಬಂದ ಸಿಟ್ಟು ಇಳಿಯುವುದೇ ಇಲ್ಲ. ರಾಜಧಾನಿಯ ಪಂಡಿತರು ಸಾವಿರಾರು ಮಕ್ಕಳ ಮೇಲೆ ಪರೀಕ್ಷಿಸಿ ಮಾಡಿದ ಅಳತೆಯಂತೆ. ಒಂದು ಪದಕ್ಕಾಗಿ ಒಬ್ಬಳಿಗೆ ಬದಲಾಯಿಸಲು ಆಗುವುದಿಲ್ಲವಂತೆ. ಎತ್ತು ಈಯಿತು ಎಂದು ಮೇಲಿನಿಂದ ಹೇಳಿದರೆ, ಕೊಟ್ಟಿಗೆಗೆ ಕಟ್ಟಿ ಹಾಲು ಕರೆಯಲು ತಂಬಿಗೆ ಹಿಡಿಯುವ ಜಾತಿ.

"ಒಂದು ದಾರಿ ಇದೆ," ಅಂದರು ಯೊಮ್. "ಸಲಹೆಗಾರರು ಕಣ್ಣಾರೆ ನೋಡಿ ಕೊಡುವ ಅಂಕ ಇನ್ನೂ ಖಾಲಿ ಇದೆ. ಹುಡುಗಿಯರು ಇಲ್ಲೇ ಕೂತು ಮಿರು ಜತೆ ಓರಗೆಯವರ ಹಾಗೆ ಮಾತಾಡಲಿ. ಹೆಸರು ಹಿಡಿದು, ಸಲುಗೆಯಿಂದ. ಚೊನ್ ಟೀಚರ್ ನೋಡಿ ಮುದ್ರೆ ಒತ್ತಿದರೆ ನಲವತ್ತು ದಾಟಬಹುದು. ಆಮೇಲೆ ಆಟಕ್ಕೆ ನನ್ನ ಅಡ್ಡಿಯಿಲ್ಲ."

"ಅಕ್ಕನ್ನ ಹೆಸರು ಹಿಡಿದಾ?" ಅಂದಳು ನಾರೆ.

"ಅಷ್ಟೇ ತಾನೆ? ಏನು ಕಷ್ಟ?"

ನಾರೆ ಮಿರುವಿನ ಎದುರು ಕೂತಳು. ಬಾಯಿ ತೆರೆದಳು. "ಮಿ..." ಅಂದಳು. ಉಗುಳು ನುಂಗಿದಳು. "ಮಿರು... ಕ್ಕ." ಉಳಿದವರು ಕಿಸಕ್ಕೆಂದು ನಕ್ಕರು. ಇನ್ನೊಮ್ಮೆ ಯತ್ನಿಸಿದಳು. ಮುಖ ಕೆಂಪಗಾಯಿತು. ಕೊನೆಗೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, "ನಂಗಾಗಲ್ಲ! ಬೆತ್ತಲೆ ನಿಂತ ಹಾಗಾಗತ್ತೆ!" ಎಂದು ಅತ್ತಳು. ಮಿರು ಎದ್ದು ಅವಳ ಪಕ್ಕ ಹೋಗಿ ಸುಮ್ಮನೆ ಕೂತಳು. ಅವಳಿಗೆ ಐದರಲ್ಲಿ ಒಂದೇ ಅಂಕ ತಂದುಕೊಟ್ಟ ಅದೇ ಕೂರುವಿಕೆ. ನಾರೆಯ ಅಳು ನಿಂತಿತು. ಚೊನ್ ಟೀಚರ್ ಅದನ್ನು ನೋಡುತ್ತಲೇ ಇದ್ದರು. ಯೊಮ್ ಗಡಿಯಾರ ನೋಡಿಕೊಂಡರು.

"ಹಾಗಾದ್ರೆ ಶರತ್ಕಾಲಕ್ಕೆ ನೋಡೋಣ," ಎಂದು ಎದ್ದರು.

"ಯಾಜಾ!" ನಾರೆ ಮೂಗು ಒರೆಸಿಕೊಂಡು ಕೂಗಿದಳು. "ಯಾಜಾ ಆಟ ಆಡಿದ್ರೆ ಬರತ್ತೆ! ಆಟದಲ್ಲಿ ಅಂದ್ರೆ ತಪ್ಪಿಲ್ಲ!"

ಶಾಲೆಯ ಪ್ರವಾಸದಲ್ಲಿ, ಕಚೇರಿಯ ಕುಡಿತದಲ್ಲಿ ಎಲ್ಲ ಕಡೆಯೂ ಆಡುವ ಆಟ ಅದು. ಗಡಿಯಾರ ಇಟ್ಟುಕೊಂಡು ಸ್ವಲ್ಪ ಹೊತ್ತು ಲೋಕವನ್ನು ತಲೆಕೆಳಗು ಮಾಡುವುದು. ಕಿರಿಯರು ಹಿರಿಯರಿಗೆ ಲೇ ಎನ್ನಬೇಕು, ಹಿರಿಯರು ಕಿರಿಯರಿಗೆ ರೀ ಎನ್ನಬೇಕು. ಕೋಣೆಯಲ್ಲಿ ಇರುವವರೆಲ್ಲ ಆಟದ ಒಳಗೆ. ಹೊತ್ತು ಮುಗಿದ ಮೇಲೆ ಯಾರೂ ಮನಸ್ಸಿನಲ್ಲಿ ಇಟ್ಟುಕೊಳ್ಳಬಾರದು.

"ಆಡಿ, ಆಡಿ," ಎಂದು ಯೊಮ್ ಮತ್ತೆ ಕೂತರು. ಆಟ ಮಕ್ಕಳದ್ದು ಎಂದುಕೊಂಡಿದ್ದರು. ಚೊನ್ ಟೀಚರ್ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು. "ಹತ್ತು ನಿಮಿಷ," ಅಂದರು.

ನಾರೆ ಒಂದು ಉಸಿರು ಎಳೆದು ಬಿಟ್ಟಳು. "ಲೇ ಮಿರು! ಯಾಕೇ ಬರಲಿಲ್ಲ ಅಭ್ಯಾಸಕ್ಕೆ? ನೀನಿಲ್ದೆ ನಮ್ ಗೋಲು ಊರ ಬಾಗಿಲ ಹಾಗಿತ್ತು ಕಣೇ!"

ಹುಡುಗಿಯರು ಹೋ ಎಂದರು. ಮಿರುವಿಗೂ ನಗು ತಡೆಯಲಾಗಲಿಲ್ಲ. ಬೆನ್ನು ನೆಟ್ಟಗೆ ಮಾಡಿ, ತಲೆ ಬಗ್ಗಿಸಿ, "ಕ್ಷಮಿಸಿ ನಾರೆ ಅವರೇ. ತಮ್ಮನ್ನ ಒಂದು ಮಾತು ಕೇಳಬಹುದಾ?" ಅಂದಳು.

"ಕೇಳೇ."

ನಗು ನಿಂತಿತು. ಮಿರು ತನ್ನ ಬೆರಳುಗಳನ್ನು ನೋಡಿಕೊಂಡಳು. "ಆ ಹಾಳೇಲಿ ನನ್ನ ಹೆಸರು ಯಾಕೆ ಬರೀಲಿಲ್ಲ ನೀವು? ನನ್ ಕಂಡ್ರೆ ಪಾಪ ಅಂತ ಜತೆಗಿದ್ರಾ?"

"ಪಾಪನಾ? ನಿನ್ ಕಂಡ್ರಾ?" ನಾರೆ ಎದ್ದೇ ನಿಂತಳು. "ಕಾಲಿಗೆ ಬಿದ್ದ ಚೆಂಡು ತಡೀಲಿಲ್ಲ ಅಂತ ನನ್ ಕಿವಿ ಹಿಂಡ್ದೋಳು ನೀನು! ನಂಗೆ ಮೊದಲನೇ ಸಲ ಮುಟ್ಟಾದಾಗ ನಿನ್ ಅಂಗಿ ಬಿಚ್ಚಿ ನನ್ ಸೊಂಟಕ್ಕೆ ಕಟ್ಟಿ ಮನೆಗೆ ಬಿಟ್ಟೋಳು ನೀನು! ಯಾಕೆ ಬರೀಲಿಲ್ಲ ಅಂತೀಯಾ? ನೀನು ಅಕ್ಕ ಅಲ್ವೇನೇ, ಪೆದ್ದಿ!"

ಮಿರು ತಲೆಯೆತ್ತಿದಳು. ಆ ಮುಖವನ್ನು ನಾನು ಮೊದಲೇ ನೋಡಿದ್ದೆ. ಔಷಧದ ಕೊನೆಯ ತಿಂಗಳು ಮುಗಿದು, ಎಕ್ಸ್-ರೇ ಹಿಡಿದು ಡಾಕ್ಟರು "ಇನ್ನು ಹೋಗಮ್ಮ" ಅಂದ ದಿನ.

"ಚೆನ್ನಾಗಿದೆ," ಅಂದರು ಯೊಮ್. "ಆದ್ರೆ ಜಗಳದ ಹಾಗೆ ಕಾಣ್ತಿದೆ. ಇನ್ನೂ ಸ್ವಲ್ಪ ನಗುನಗುತ್ತಾ ಮಾತಾಡಿ. ಅಂಕಕ್ಕೆ ಅದೂ ಬೇಕು."

ಮಿರು ನಿಧಾನವಾಗಿ ಅವರ ಕಡೆ ತಿರುಗಿದಳು.

"ಲೇ ಯೊಮ್," ಅಂದಳು.

ಬೇರೆ ಯಾರನ್ನೋ ಕರೆದ ಹಾಗೆ ಯೊಮ್ ಹಿಂದೆ ತಿರುಗಿ ನೋಡಿದರು.

"ನಾನು ಆಡೋದನ್ನ ಒಂದು ಸಲನಾದ್ರೂ ನೋಡಿದ್ದೀಯೇನೋ? ಗೋಲಲ್ಲಿ ನಿಂತ್ರೆ ಇವರೆಲ್ಲ ನಂಗೆ ಬೆನ್ನು ಹಾಕಿ ನಿಂತಿರ್ತಾರೆ. ಆರಕ್ಕೆ ಆರೂ ಬೆನ್ನು. ಒಬ್ಬಳೂ ತಿರುಗಿ ನೋಡಲ್ಲ. ಯಾಕೆ ನೋಡಲ್ಲ ಗೊತ್ತೇನೋ? ನಾನು ಅಲ್ಲೇ ಇರ್ತೀನಿ ಅಂತ ಅವರಿಗೆ ಗೊತ್ತು. ನಿನ್ ಹಾಳೇಲಿ ಅದಕ್ಕೆ ಬಾಣ ಹೆಂಗೆ ಎಳೀತೀಯೋ?" ಹುಡುಗಿಯರ ಕಡೆ ಕೈ ತೋರಿಸಿದಳು. "ಎರಡು ದಿನದಿಂದ ನಾನು ಇವರ ಮುಖ ನೋಡಿಲ್ಲ. ಇವರು ನಕ್ರೆ ಸುಳ್ಳು ಅಂದ್ಕೊಂಡೆ. ಒಂದು ವರ್ಷದ ಕಾಯಿಲೆ ಮಾಡದೇ ಇದ್ದಿದ್ದನ್ನ ನಿನ್ನ ಮೂವತ್ತೊಂದು ಮಾಡ್ತು. ನಿಂಗೆ ಎಷ್ಟು ಕೊಡಬೇಕೋ? ನೂರಕ್ಕೆ ಎಷ್ಟು?"

ಯೊಮ್ ಎದ್ದರು. ಕಿವಿಯ ತುದಿಯವರೆಗೂ ಕೆಂಪಾಗಿದ್ದರು. "ಸಾಕು. ಆಟ ಮುಗೀತು. ಹಿರಿಯರ ಜತೆ ಹೇಗೆ ಮಾತಾಡಬೇಕು ಅನ್ನೋದೇ ಗೊತ್ತಿಲ್ಲ ಈ ಹುಡುಗಿಗೆ. ಟೀಚರ್, ಬರ್ಕೊಳ್ಳಿ ಇದನ್ನ."

ಹೆಸರು ಹಿಡಿ ಎಂದವರೂ ಅವರೇ, ಹಿಡಿದದ್ದಕ್ಕೆ ಅಂಕ ಕಳೆಯುವವರೂ ಅವರೇ. ನನ್ನ ಕೈ ಜೇಬಿನಿಂದ ಹೊರಗೆ ಬಂತು. ಅಷ್ಟರಲ್ಲಿ ಚೊನ್ ಟೀಚರ್ ಮೇಜಿನ ಮೇಲಿದ್ದ ಕೈಗಡಿಯಾರವನ್ನು ತಮ್ಮ ಕಡೆಗೆ ತಿರುಗಿಸಿ ನೋಡಿದರು. ಅವರ ತುಟಿ ಬಿಳಿಚಿತ್ತು.

"ಇನ್ನೂ ಎರಡು ನಿಮಿಷ ಇದೆ ಕಣೋ ಯೊಮ್," ಅಂದರು. "ಕೂತ್ಕೋ."

ಯೊಮ್ ಕೂತರು. ಉಳಿದ ಎರಡು ನಿಮಿಷದಲ್ಲೇ ಚೊನ್ ಟೀಚರ್ ಅಂಕ ಬರೆದರು, ಕೂಡಿದರೆ ಅರವತ್ತಾಯಿತು. ಮುದ್ರೆಯನ್ನು ಕೆಂಪು ಮಸಿಗೆ ಅದ್ದಿ ಒತ್ತಿದರು. ಗಡಿಯಾರ ಕೈಗೆ ಕಟ್ಟಿಕೊಂಡು ಎದ್ದು, ಸೊಂಟ ಬಗ್ಗಿಸಿ, "ಹೊತ್ತು ಮುಗೀತು ಸರ್. ತಪ್ಪಾಗಿದ್ರೆ ಕ್ಷಮಿಸಬೇಕು," ಅಂದರು. ಮನಸ್ಸಿನಲ್ಲಿ ಇಟ್ಟುಕೊಳ್ಳಬಾರದು ಎಂಬ ಆಟದ ನಿಯಮವನ್ನು ಕಚೇರಿಯ ಕುಡಿತಗಳಲ್ಲಿ ಯೊಮ್ ಅವರೇ ಎಷ್ಟು ಸಲ ಹೇಳಿದ್ದರೋ. ಯೊಮ್ ಬಾಗಿಲು ತೆರೆದು ಹೋದರು. ಅವತ್ತು ಬಾಗಿಲು ಸದ್ದು ಮಾಡಿತು.

ಮಿರು ಗಾಂಗ್‌ನುಂಗ್‌ಗೆ ಹೋದಳು. ನಾನೂ ದೊಕ್ಬೆ ಅಣ್ಣನೂ ಐಸ್ ಲಾರಿಯಲ್ಲೇ ಹೋಗಿ ನೋಡಿದೆವು. ಮೊದಲ ಎರಡು ಪಂದ್ಯ ಗೆದ್ದರು, ಮೂರನೆಯದನ್ನು ಒಂದು ಗೋಲಿನಿಂದ ಸೋತರು. ಕೊನೆಯ ಚೆಂಡು ಮಿರುವಿನ ಕೆನ್ನೆಗೆ ಬಡಿದು ಒಳಗೆ ಹೋಯಿತು. ನಾರೆ ಹಿಂದೆ ತಿರುಗಿ, "ಅಕ್ಕಾ, ಹಲ್ಲಿದ್ಯಾ?" ಎಂದು ಕೂಗಿದಳು. ಮಿರು ಬಾಯಿ ತೆರೆದು ತೋರಿಸಿದಳು. ದೊಕ್ಬೆ ಅಣ್ಣ, "ನಿನ್ ತಂಗಿ ಇದ್ದಾಳಲ್ಲ, ದೆವ್ವ ಕಣೋ," ಎಂದು ನನ್ನ ಬೆನ್ನಿಗೆ ಗುದ್ದಿದ. ನಾವು ವಾಪಸು ಬರುವಾಗ ಹುಡುಗಿಯರು ಬಸ್ಸಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ನಿದ್ದೆ ಹೋಗಿದ್ದರಂತೆ. ಎಲ್ಲರ ಕೆಳಗೆ ಮಿರು.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ಬೇಸಿಗೆ ರಜೆ ಮುಗಿದು ಶಾಲೆ ತೆರೆದಾಗ ಚೊನ್ ಟೀಚರ್ ಇರಲಿಲ್ಲ. ಬೆಟ್ಟದಾಚೆಯ ಯಾವುದೋ ಊರಿಗೆ ಹಾಕಿದ್ದರು. ಗೇಟಿನ ಮೇಲೆ ಉದ್ದಕ್ಕೂ ಕೆಂಪು ಅಕ್ಷರದ ಬಟ್ಟೆಯ ಫಲಕ ಕಟ್ಟಿತ್ತು. 'ಸಾಮಾಜಿಕ ಕೌಶಲ: ಬೆರೆಯುವ ತರಗತಿಯಿಂದ ಮೂವತ್ತೊಂದರಿಂದ ಅರವತ್ತಕ್ಕೆ! ನಮ್ಮ ಶಾಲೆಯ ಹೆಮ್ಮೆಯ ಸುಧಾರಣೆ!' ಮಿರು ಆ ತರಗತಿಯಲ್ಲಿ ಕೂತದ್ದು ಎರಡೇ ದಿನ. ಹಾಳೆಯಲ್ಲಿ ಕೇಳುವ ಪ್ರಶ್ನೆ ಬದಲಾಯಿತಾ ಎಂದು ಕೇಳಿದೆ. ಇಲ್ಲವಂತೆ. ಕೆಳಗಿನ ತರಗತಿಯಲ್ಲಿ ಈ ವರ್ಷ ಇನ್ನೊಬ್ಬಳು ಇದ್ದಾಳಂತೆ, ಮೂಳೆ ಮುರಿದು ವರ್ಷ ಕಳೆದುಕೊಂಡವಳು. ಅವಳಿಗೂ ಒಂದು ಮೂಲೆ ಕಾದಿದೆ.

ಹಾಡುಹಗಲೇ ಹೋದೆ. ಆ ಫಲಕಕ್ಕೆ ಐಸ್ ಕೊಕ್ಕೆ ಹಾಕಿ ಎಳೆದೆ. ಒಂದು ಮೂಲೆ ಬಿಚ್ಚಿತು, ಇನ್ನೊಂದು ಹರಿಯಿತು. ಕಾವಲುಗಾರ ಮುದುಕ ಕುರ್ಚಿಯಿಂದಲೇ, "ಏಯ್, ಯಾರೋ ಅದು?" ಅಂದ.

"ಮನೆಯಲ್ಲಿ ಕೋಪದ ವಾತಾವರಣ," ಅಂದೆ.

ಒಳ್ಳೆಯ ದಪ್ಪ ಬಟ್ಟೆ. ಈಗ ನಮ್ಮ ಲಾರಿಯಲ್ಲಿ ಐಸಿನ ಮೇಲೆ ಹೊದಿಸುತ್ತೇವೆ, ಅಕ್ಷರ ಕೆಳಗೆ ಮಾಡಿ. ಬಿಸಿಲಿಗೆ ಐಸು ಕರಗಿ, 'ಸುಧಾರಣೆ'ಯ ಬಣ್ಣ ಬಿಟ್ಟು, ಕಟ್ಟೆಯ ಮೇಲೆ ಕೆಂಪು ನೀರು ಹರಿಯುತ್ತದೆ. ದೋಣಿಯವರು, "ಏನಯ್ಯಾ ಗಿಲ್ಸೊಕ್, ಯಾರನ್ನ ಕಡಿದು ತಂದೆ?" ಎಂದು ಕೇಳುತ್ತಾರೆ.

ಇನ್ನೂ ಯಾರನ್ನೂ ಇಲ್ಲ ಅನ್ನುತ್ತೇನೆ.